ಹಳ್ಳದ ಕಲ್ಲಿನಡಿ ಯಾರ ಮನೆ?

ನವೆಂಬರ್ ಮುಗಿಯಲಿ. ಕೆಂಪು ನೀರು ಇಳಿದು ಹಳ್ಳದ ತಳ ಕಾಣುವಾಗ, ಅಲ್ಲಿ ಬದುಕುವ ಹುಳು, ಮರಿಗಳನ್ನು ನೋಡಲು ಹೊರಡಿ. ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಪಕ್ಕದಲ್ಲೇ ಹಳ್ಳ ಹರಿಯುತ್ತದೆ, ಅದೇ ಸಾಕು. ನೀರು ಮೊಣಕಾಲಿಗಿಂತ ಕೆಳಗಿರಲಿ. ಮಳೆಗಾಲದಲ್ಲಿ ಮಾತ್ರ ಇಳಿಯಲೇಬೇಡಿ. ಒಂದು ಬಿಳಿ ತಟ್ಟೆ, ಟೀ ಸೋಸುವ ಜಾಲರಿ, ಮೆತ್ತನೆಯ ಬ್ರಷ್, ಲೆನ್ಸ್ ಇಟ್ಟುಕೊಳ್ಳಿ. ಸ್ಟೀಲ್ ತಟ್ಟೆಯ ಹೊಳಪಿನಲ್ಲಿ ಹುಳು ಕಣ್ಣಿಗೆ ಬೀಳುವುದು ಕಷ್ಟ.

ಮೊದಲು ನೀರು ಸದ್ದು ಮಾಡುವ ಕಡೆ ಹೋಗಿ. ಕಲ್ಲಿಗೆ ಬಡಿದು ನೊರೆ ಏಳುವಲ್ಲಿ ನೀರಿಗೆ ಗಾಳಿ ಬೆರೆಯುತ್ತದೆ, ಆಮ್ಲಜನಕ ಜಾಸ್ತಿ. ಹರಿವಿಗೆ ಎದುರಾಗಿ ನಡೆಯಿರಿ. ಆಗ ಕದಡಿದ ಮಣ್ಣು ಹಿಂದಕ್ಕೆ ಹೋಗುತ್ತದೆ. ಅಂಗೈಯಗಲದ ಕಲ್ಲೊಂದನ್ನು ಮೆಲ್ಲಗೆ ಎತ್ತಿ ತಟ್ಟೆಯ ನೀರಿನಲ್ಲಿಡಿ. ಚಪ್ಪಟೆ ಮೈ, ಹೊಟ್ಟೆಯ ಎರಡೂ ಬದಿ ಕಿವಿರು, ಹಿಂದೆ ಎರಡೋ ಮೂರೋ ಎಳೆ ಬಾಲ ಕಂಡರೆ ಅದು ಮೇಫ್ಲೈ ಎಂಬ ಹಾರುವ ಕೀಟದ ಮರಿ. ಅದು ಸೆಳೆತದಲ್ಲೂ ಕಲ್ಲು ಬಿಡುವುದಿಲ್ಲ. ದುಂಡು ನಾಣ್ಯದ ಹಾಗೆ ಅಂಟಿಕೊಂಡಿದ್ದರೆ ಅದೊಂದು ದುಂಬಿಯ ಮರಿ. ಅದನ್ನು ಉಗುರಿನಿಂದ ಕೀಳಬೇಡಿ.

ಕಲ್ಲಿನ ಸಂದಿಯಲ್ಲಿ ಪುಟ್ಟ ಬಲೆ ಇದೆಯಾ ನೋಡಿ. ಕ್ಯಾಡಿಸ್ ಎಂಬ ಕೀಟದ ಮರಿಹುಳು ತನ್ನದೇ ರೇಷ್ಮೆಯಲ್ಲಿ ನೇಯ್ದದ್ದು ಅದು. ನೀರು ತಂದ ಚೂರುಪಾರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಅದೇ ಊಟ. ಇದರ ಬಳಗದ ಕೆಲವು ಮರಳು, ಎಲೆಚೂರು ಅಂಟಿಸಿ ಗೂಡು ಕಟ್ಟಿಕೊಂಡು ಹೊತ್ತು ತಿರುಗುತ್ತವೆ. ಕಡ್ಡಿಯೇ ನಡೆಯುತ್ತಿದೆ ಅನ್ನಿಸಿದರೆ ಎರಡು ನಿಮಿಷ ಸುಮ್ನೆ ಕಾಯಿರಿ, ತುದಿಯಲ್ಲಿ ತಲೆ ಇಣುಕುತ್ತದೆ. ಇಡೀ ಹಳ್ಳದಲ್ಲಿ ನನಗೆ ಇದೇ ಹೆಚ್ಚು ಇಷ್ಟ.

ಕಲ್ಲನ್ನು ಎತ್ತಿದ ಜಾಗಕ್ಕೇ, ಅದೇ ಮಗ್ಗುಲಿಗೆ ಇಡಿ. ಮೇಲಿನ ಪಾಚಿಗೆ ಬಿಸಿಲು ಬೇಕು, ಆ ಪಾಚಿಯೇ ಎಷ್ಟೋ ಮರಿಗಳ ಆಹಾರ.

ಇನ್ನು ಗುಂಡಿ. ನೀರು ನಿಂತಂತಿರುವಲ್ಲಿ ದರಗು, ಕೆಸರನ್ನು ಜಾಲರಿಯಲ್ಲಿ ತೆಗೆಯಿರಿ. ಏರೋಪ್ಲೇನ್ ಚಿಟ್ಟೆಯ ಮರಿ ಅಲ್ಲಿ ಅಡಗಿ ಕೂತು, ಕೆಳತುಟಿಯನ್ನು ಥಟ್ಟನೆ ಚಾಚಿ ಬೇಟೆ ಹಿಡಿಯುತ್ತದೆ. ಕೆಂಪು ದಾರದಂಥ ಹುಳುಗಳೂ ಸಿಗಬಹುದು. ನಮ್ಮ ರಕ್ತದಂತೆ ಅವುಗಳಲ್ಲೂ ಹಿಮೋಗ್ಲೋಬಿನ್ ಇದೆ, ಹಾಗಾಗಿ ಆಮ್ಲಜನಕ ಕಡಿಮೆ ಇದ್ದರೂ ಬದುಕುತ್ತವೆ.

ಕೊನೆಗೊಂದು ಕೆಲಸ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದು ಡ್ರಮ್ ತೊಳೆಯುವ ಜಾಗ ಊರಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಆ ಔಷಧಿಯಲ್ಲಿರುವ ಮೈಲುತುತ್ತಿನ ತಾಮ್ರ ಮೇಫ್ಲೈ ಮರಿಗಳಿಗೆ ವಿಷ. ಆ ಜಾಗದ ಮೇಲೊಂದು, ಕೆಳಗೊಂದು ಕಡೆ ಒಂದೇ ಬಗೆಯ ಹರಿವಿನಲ್ಲಿ ಹತ್ತು ಹತ್ತು ಕಲ್ಲು ನೋಡಿ. ಎಷ್ಟು ಬಗೆಯ ಮರಿ ಸಿಕ್ಕವು ಅಂತ ಬರೆದಿಡಿ. ಮುಂದಿನ ಸಲ ಔಷಧಿ ಹೊಡೆಯುವ ಮೊದಲು ಆ ಹಾಳೆಯನ್ನು ತೋಟದವರಿಗೆ ತೋರಿಸಿ.