ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಎದೆ ಕಾಪಾಡಿಕೊಳ್ಳುವುದು ಹೇಗೆ?

ನಾನು ದಾವಣಗೆರೆಯಲ್ಲಿ ಆಶಾ ಕಾರ್ಯಕರ್ತೆ. ನಾನು ಓಡಾಡುವ ಕಡೆ ಮಂಡಕ್ಕಿ ಭಟ್ಟಿಗಳು ಜಾಸ್ತಿ. ಅಲ್ಲಿನ ಅಕ್ಕಂದಿರು ಕೇಳೋದು ಒಂದೇ: "ಕೆಮ್ಮು ಹೋಗ್ತಾನೇ ಇಲ್ಲ, ಏನ್ ಮಾಡ್ಲಿ?" ಸಿರಪ್ಪಿಗಿಂತ ಮೊದಲು ಧೂಳಿನ ಕಡೆ ನೋಡಬೇಕು.

ಶ್ವಾಸಕೋಶದೊಳಗೆ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ಒಳಗೆ ಬಂದ ಕ್ರಿಮಿಯನ್ನು ನುಂಗಿ ಕೊಲ್ಲುವುದು ಅವುಗಳ ಕೆಲಸ. ಹೊಗೆಯ ಮಸಿಯನ್ನೂ ಅವೇ ನುಂಗುತ್ತವೆ. ಮಸಿ ತುಂಬಿದಷ್ಟೂ ಕ್ರಿಮಿ ಕೊಲ್ಲುವ ಶಕ್ತಿ ಕುಗ್ಗುತ್ತದೆ. ಮಂಡಕ್ಕಿ ಹುರಿಯುವ ಮರಳು ಇನ್ನೂ ಕೆಟ್ಟದ್ದು. ಅದರಲ್ಲಿ ಸಿಲಿಕಾ ಎಂಬ ಖನಿಜ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಪುಡಿಯನ್ನು ನುಂಗಿದ ಜೀವಕೋಶಕ್ಕೆ ಅದನ್ನು ಕರಗಿಸಲು ಆಗದು. ಕೊನೆಗೆ ಅದೇ ಒಡೆದು ಸಾಯುತ್ತದೆ. ಹೊರಬಿದ್ದ ಪುಡಿಯನ್ನು ಇನ್ನೊಂದು ನುಂಗುತ್ತದೆ, ಅದೂ ಸಾಯುತ್ತದೆ. ವರ್ಷಗಟ್ಟಲೆ ಹೀಗಾದರೆ ಶ್ವಾಸಕೋಶ ಗಡುಸಾಗುತ್ತದೆ. ಅದೇ ಸಿಲಿಕೋಸಿಸ್. ಟಿಬಿ ಕ್ರಿಮಿಯನ್ನು ತಡೆದಿಡುವುದೂ ಇದೇ ಜೀವಕೋಶಗಳು ಅಲ್ವಾ? ಹಾಗಾಗಿ ಇಂಥವರಿಗೆ ಟಿಬಿ ಬರುವ ಸಂಭವ ಜಾಸ್ತಿ.

ಮರಳು ಜರಡಿ ಹಿಡಿಯುವುದನ್ನು ಬಯಲಿನಲ್ಲಿ ಮಾಡಿ. ಗಾಳಿ ಧೂಳನ್ನು ನಿಮ್ಮಿಂದ ಆಚೆ ಒಯ್ಯುವಂತೆ ನಿಲ್ಲಿ. ಒಣ ನೆಲ ಗುಡಿಸಬೇಡಿ, ಮೊದಲು ನೀರು ಚಿಮುಕಿಸಿ. ಕಾದ ಬಾಣಲೆಯ ಹತ್ತಿರ ಮಾತ್ರ ನೀರು ಬೇಡ. ಸೆರಗು ಕಟ್ಟಿಕೊಂಡರೆ ಸಾಕು ಅಂತಾರೆ. ಸಾಲದು, ಸಣ್ಣ ಧೂಳು ಬಟ್ಟೆಯೊಳಗೆ ನುಸುಳುತ್ತದೆ. ಎನ್95 ಮಾಸ್ಕ್ ಬೇಕು. ಅದರ ತಂತಿಯನ್ನು ಮೂಗಿಗೆ ಒತ್ತಿ, ಕೆನ್ನೆಯ ಪಕ್ಕ ಸಂದು ಉಳಿಯದಂತೆ ಹಾಕಿ. ಬೇಸಿಗೆಯಲ್ಲಿ ಉರಿಯ ಮುಂದೆ ಇಡೀ ದಿನ ಹಾಕಿಕೊಳ್ಳುವುದು ಕಷ್ಟ, ನನಗೆ ಗೊತ್ತು. ಜರಡಿ ಹಿಡಿಯುವಾಗ, ಬೂದಿ ತೆಗೆಯುವಾಗ, ಗುಡಿಸುವಾಗಲಾದರೂ ತೆಗೆಯಬೇಡಿ.

ಉರಿಗೆ ಭತ್ತದ ಹೊಟ್ಟು ಹಾಕಿ. ಹಳೇ ಟೈರು, ಪ್ಲಾಸ್ಟಿಕ್ ಬೇಡವೇ ಬೇಡ. ಚಿಮಣಿ, ಮಾಸ್ಕ್, ಹೊಸ ಮರಳಿನ ಖರ್ಚು ಮಾಲೀಕರದ್ದು. ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿ.

ಕೂಸನ್ನು ಭಟ್ಟಿಯ ಪಕ್ಕ ಮಲಗಿಸಬೇಡಿ. ಇದನ್ನು ನಾನು ಜಗಳ ಮಾಡಿಯಾದರೂ ಹೇಳುತ್ತೇನೆ. ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ನ್ಯುಮೋನಿಯಾ ಬೇಗ ಬರುತ್ತದೆ. ಅಜ್ಜಿಯ ಹತ್ತಿರವೋ ಅಂಗನವಾಡಿಯಲ್ಲೋ ಬಿಡಿ.

ಕೆಮ್ಮು 2 ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಎಷ್ಟು ವರ್ಷದಿಂದ ಮರಳು, ಹೊಗೆಯಲ್ಲಿ ಕೆಲಸ ಮಾಡುತ್ತಿದ್ದೀರಿ ಅಂತ ಡಾಕ್ಟರಿಗೆ ತಿಳಿಸಿ. ಅವರು ಕೇಳದಿದ್ದರೂ ನೀವೇ ಹೇಳಿ, ಎಕ್ಸ್‌ರೇ ನೋಡುವಾಗ ಅವರಿಗೆ ಅದು ಬೇಕಾಗುತ್ತದೆ.