“ನನಗೇನೂ ಆಗಿಲ್ಲ ಮೇಡಂ”

“ಕೈಕಾಲು ನೆಟ್ಟಗಿವೆ. ಸೋಮವಾರದಿಂದ ಅಂಗಡಿ ತೆಗೀತೀನಿ.” ಕಿರಾಣಿ ವ್ಯಾಪಾರಿಯೊಬ್ಬರು ಹೀಗೆನ್ನುವಾಗ ಪಕ್ಕದಲ್ಲಿದ್ದ ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದರು. ಗಂಡ ಬೈಕಿನಿಂದ ಬಿದ್ದು ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿ ನಾಲ್ಕು ತಿಂಗಳಾಗಿತ್ತು. ಆ ವಾರವೇ ಎರಡು ಸಲ ಒಲೆ ಆರಿಸಲು ಮರೆತಿದ್ದರು. ಬಾಕಿ ತೀರಿಸಿದವರ ಮನೆಗೇ ಮತ್ತೆ ವಸೂಲಿಗೆ ಹೋಗಿದ್ದರು.

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಪೆಟ್ಟು ಬಿದ್ದವರಿಗೆ ದಿನನಿತ್ಯದ ಕೆಲಸ ಮತ್ತೆ ರೂಢಿಸುವವಳು. ಮೊದಲು ಮಾಡಿದ್ದು ತಪ್ಪು. ಸ್ಕ್ಯಾನ್ ತೋರಿಸಿ, ಮರೆವು, ಅವಸರ, ಲೆಕ್ಕ ಎಂದು ಒಂದೊಂದೇ ಎಣಿಸಿ ಹೇಳಿದೆ. ಸಿಟ್ಟಾಗಿ ಎದ್ದು ಹೋದವರು ಎರಡು ವಾರ ಬರಲಿಲ್ಲ.

ಮನೆಯವರು ಇದನ್ನು ಹಟ ಎನ್ನುತ್ತಾರೆ. ಹಟವಲ್ಲ. ತಾನು ಮಾಡುವುದನ್ನು ತಾನೇ ಗಮನಿಸುವ ಶಕ್ತಿಗೇ ಏಟು ಬಿದ್ದಿರುತ್ತದೆ. ಲಕ್ವ ಹೊಡೆದಿದ್ದರೂ ಅದರ ಅರಿವೇ ಇಲ್ಲದವರನ್ನು ಕಂಡು ಪ್ಯಾರಿಸ್ಸಿನ ನರವೈದ್ಯ ಜೋಸೆಫ್ ಬಬಿನ್ಸ್ಕಿ 1914ರಲ್ಲಿ ಇದಕ್ಕೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟರು. ಗೊತ್ತಿದ್ದೂ ಒಪ್ಪದಿರುವುದು ಬೇರೆ. ಆದರೆ ಒಬ್ಬರಲ್ಲೇ ಎರಡೂ ಬೆರೆತಿರಬಹುದು.

ಅವರು ಮರಳಿ ಬಂದಾಗ ನಾನು ವಾದ ಬಿಟ್ಟೆ. ತಕ್ಕಡಿ, ಅಕ್ಕಿ, ಬೇಳೆ, ಸಕ್ಕರೆ, ಹನ್ನೆರಡು ಸಾಮಾನಿನ ಒಂದು ಚೀಟಿ ಮುಂದಿಟ್ಟೆ. “ಕಟ್ಟಿ ಲೆಕ್ಕ ಹಾಕೋಕೆ ಎಷ್ಟು ಹೊತ್ತು ಬೇಕು? ಎಷ್ಟು ತಪ್ಪಾಗಬಹುದು? ನೀವೇ ಬರೆದಿಡಿ.” ‘15 ನಿಮಿಷ, ತಪ್ಪು 0’ ಎಂದು ಬರೆದರು. ಹಿಡಿದದ್ದು 34 ನಿಮಿಷ, ತಪ್ಪು ನಾಲ್ಕು. ಎಣಿಸಿದ್ದೂ ಅವರೇ, ನಾನು ಬಾಯಿ ಬಿಡಲಿಲ್ಲ. “ಚೀಟಿ ಬರೆದವರ ಅಕ್ಷರ ಸರಿಯಿಲ್ಲ” ಎಂದರು. ಇರಲಿ ಎಂದುಕೊಂಡು ಮರುದಿನ ಅವರ ಕೈಯಲ್ಲೇ ಚೀಟಿ ಬರೆಸಿದೆ.

ಮೂರನೇ ವಾರ ನಡುವೆಯೇ ಕೈ ನಿಂತಿತು. “ಸಕ್ಕರೆ ಹಾಕಿದೆನಾ?” ತಪ್ಪು ಆಗುತ್ತಿರುವಾಗಲೇ ಹಿಡಿಯುವ ಅರಿವು ಇದು. ಯಾರೋ ಹೇಳಿದ್ದನ್ನು ತಲೆಯಾಡಿಸಿ ಒಪ್ಪುವುದಕ್ಕಿಂತ ಒಂದು ಮೆಟ್ಟಿಲು ಮೇಲೆ. ಆಗುವ ಮುಂಚೆಯೇ ಊಹಿಸುವುದು ಅದಕ್ಕಿಂತ ಮೇಲಿನದು. ಅಮೆರಿಕದ ಕ್ರಾಸನ್ ಮತ್ತು ಸಂಗಡಿಗರು 1989ರಲ್ಲಿ ಈ ಮೂರು ಮೆಟ್ಟಿಲುಗಳನ್ನು ವಿವರಿಸಿದ್ದರು. ಇನ್ನೂ ಹತ್ತು ದಿನಕ್ಕೆ, ಶುರು ಮಾಡುವ ಮೊದಲೇ ಅವರು ಪೆನ್ಸಿಲ್ ಕೇಳಿ ಪಡೆದರು. ಒಂದೊಂದು ಪೊಟ್ಟಣಕ್ಕೂ ಒಂದು ಗೀಟು.

ಅದೇ ವಾರ ಅವರು ಅತ್ತರು. “ಇಷ್ಟು ಹಾಳಾಗಿದೀನಾ ಮೇಡಂ?” ಕೊರತೆ ಕಾಣಲು ಶುರುವಾದಾಗ ಮನಸ್ಸು ಕುಸಿಯುವುದುಂಟು. ಇದನ್ನು ಮನೆಯವರಿಗೆ ಮೊದಲೇ ಹೇಳಿಡಬೇಕು, ನಾನು ತಡಮಾಡಿದ್ದೆ. ಅವತ್ತು ತಕ್ಕಡಿ ಬದಿಗಿಟ್ಟು, ಮೊದಲ ದಿನದ ಹಾಳೆಯನ್ನೂ ಅಂದಿನ ಹಾಳೆಯನ್ನೂ ಒಟ್ಟಿಗೆ ತೋರಿಸಿದೆ. 34 ನಿಮಿಷ 21ಕ್ಕೆ ಇಳಿದಿತ್ತು.

ಈಗ ಬೆಳಗಿನ ಹೊತ್ತು ಎರಡು ತಾಸು ತಮ್ಮನ ಜೊತೆ ಅಂಗಡಿಯಲ್ಲಿ ಕೂರುತ್ತಾರೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಬೈಕ್ ಮಾತ್ರ ಚೆನ್ನಾಗಿ ಓಡಿಸಬಲ್ಲೆ ಎಂದೇ ಇನ್ನೂ ನಂಬಿದ್ದಾರೆ. ಒಂದು ಕೆಲಸದಲ್ಲಿ ಮೂಡಿದ ಅರಿವು ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ. ಕೀಲಿ ಹೆಂಡತಿಯ ಬಳಿ ಇದೆ.