ಪಾಳಿ ಕಥೆ: ಗಂಟು ಬಿಚ್ಚಬಾರದು

ವಾಡಿಯ ಕಾಕಾ ಫೋನ್ ಮಾಡಿದಾಗ ನಾನು ಕಲಬುರಗಿಯ ಗಂಜ್ ಮಾರುಕಟ್ಟೆಯ ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದೆ.

“ಏ ತಮ್ಮಾ, ನಿನ್ನ ಗಂಟು ಸೋರ್ಲಕತ್ತದ. ಬಿಚ್ಚಿ ನೋಡ್ಲೇನು?”

“ಬ್ಯಾಡ್ರಿ ಕಾಕಾ. ಬಿಚ್ಚಿದ್ರ ಆಟಾನೇ ಮುಗೀತು.”

“ನಾತ ಬಾಳ ಅದಪಾ. ನಿಮ್ಮ ಕಾಕು ಮನಿ ಒಳಗ ತರಗೊಡವಲ್ಲಳು. ಅಂಗಳದ ಬೇವಿನ ಗಿಡಕ್ಕ ತೂಗಹಾಕೀನಿ. ಹಿಂಗೇ ಶೂಟಿಂಗ್ ಮಾಡ್ಬೇಕೇನು?”

ಹಾಗೇ ಮಾಡಿ ಅಂದೆ. ನಮ್ಮ ಒಂಬತ್ತೂವರೆ ನಿಮಿಷದ ಸಿನಿಮಾದಲ್ಲಿ ಎಲ್ಲರೂ ಇವತ್ತಿಗೂ ನೆನೆಸಿಕೊಳ್ಳುವ ತುಣುಕು ಹುಟ್ಟಿದ್ದು ಆ ನಾತದಿಂದಲೇ.

ಆಟ ಇಷ್ಟೇ. ಏಳು ಜನ, ಏಳು ಮೊಬೈಲು, ಒಂದು ಕಥೆ. ಮೊದಲನೆಯವರು ಒಂದು, ಒಂದೂವರೆ ನಿಮಿಷದ ವಿಡಿಯೊ ತೆಗೆದು ಕೊಡುತ್ತಾರೆ. ಎರಡನೆಯವರು ಅದು ನಿಂತಲ್ಲಿಂದ ಹಿಡಿದು ತಮ್ಮ ತುಣುಕು ತೆಗೆಯುತ್ತಾರೆ. ಹಿಂದಿನವರ ತುಣುಕು ಬಿಟ್ಟರೆ ಯಾರಿಗೂ ಬೇರೇನೂ ತೋರಿಸುವುದಿಲ್ಲ. ಆರನೆಯವರಿಗೆ ಕಥೆ ಎಲ್ಲಿ ಶುರುವಾಯಿತು ಅನ್ನುವುದೇ ಗೊತ್ತಿರುವುದಿಲ್ಲ. ನಮ್ಮ ಕಡೆ ಸರದಿಗೆ ಪಾಳಿ ಅನ್ನುತ್ತೇವಲ್ಲ, ಅದಕ್ಕೇ ಪಾಳಿ ಕಥೆ ಅಂತ ಹೆಸರು ಬಿತ್ತು. ಸೇರಿದವರಲ್ಲಿ ಯಾರೂ ಸಿನಿಮಾದವರಲ್ಲ. ಒಬ್ಬರು ಅಡುಗೆ ವಿಡಿಯೊ ಮಾಡುವ ಅಕ್ಕ, ಒಬ್ಬ ಇಂಜಿನಿಯರಿಂಗ್ ಹುಡುಗ, ರೈಲ್ವೆಯಿಂದ ನಿವೃತ್ತರಾದ ಕಾಕಾ, ಚಿತ್ತಾಪುರದ ಮಾಸ್ತರು, ಸೇಡಂನಲ್ಲಿ ಬಟ್ಟೆ ಹೊಲಿಯುವ ತಂಗಿ, ಕಮಲಾಪುರದಲ್ಲಿ ಮದುವೆ ವಿಡಿಯೊ ತೆಗೆಯುವ ಹುಡುಗ, ಮತ್ತೆ ನಾನು.

ಇಂಥ ಆಟ ಹಳೇದು ಅಂತ ಹೇಳಿದವನು ಇಂಜಿನಿಯರಿಂಗ್ ಹುಡುಗ. 1920ರ ದಶಕದಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕಲಾವಿದರು ಕಾಗದ ಮಡಚಿ ಆಡುತ್ತಿದ್ದರಂತೆ: ಒಬ್ಬ ತಲೆ ಬರೆದು ಮಡಚಿ ಕೊಟ್ಟರೆ ಇನ್ನೊಬ್ಬ ಅದನ್ನು ನೋಡದೆ ಮೈ ಬರೆಯುವುದು. ಕಾಕಾ ನಕ್ಕುಬಿಟ್ಟರು. ಅವರು ಸಣ್ಣವರಿದ್ದಾಗಿಂದ ಗೀಗೀ ಮೇಳದ ಹಿಂದೆ ಊರೂರು ತಿರುಗಿದವರು. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿ ಸವಾಲು ಹಾಕಿದರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಎದ್ದು ಆ ಸವಾಲು ಬಿಡಿಸಿ ತಮ್ಮದೊಂದು ಹಾಕಬೇಕು. “ಬೆಳತನಕ ನಡೀತದ. ಯಾಕ ನಡೀತದ ಹೇಳು? ಎದುರಿನವರನ್ನ ಪೂರಾ ಮುಗಿಸಿಬಿಟ್ರ ಮುಂದ ಹಾಡೋರು ಯಾರು?”

ಈ ಮಾತು ನನ್ನ ಕಿವಿಗೆ ಮೊದಲೇ ಬಿದ್ದಿದ್ದರೆ ಮೊದಲ ಸುತ್ತು ಅಷ್ಟು ಕೆಟ್ಟದಾಗಿ ಹಾಳಾಗುತ್ತಿರಲಿಲ್ಲ.

ಮೊದಲ ಸುತ್ತಿಗೆ ಉಮೇದಿನಲ್ಲಿ ಹನ್ನೆರಡು ಜನರನ್ನು ಸೇರಿಸಿದ್ದೆ. ತಲೆಗೆ ಮೂರು ದಿನ ಅಂದರೂ 36 ದಿನ. ಲೆಕ್ಕ ಬರೆಯುವವನಾಗಿ ಆ ಲೆಕ್ಕವನ್ನೇ ಹಾಕಿರಲಿಲ್ಲ. ಮೂರನೇ ಪಾಳಿ ಕಮಲಾಪುರದ ಹುಡುಗನದು. ಮೊಬೈಲ್ ಅಲುಗದಂತೆ ಹಿಡಿಯುವ ಗಿಂಬಲ್, ಸ್ಲೋ ಮೋಷನ್, ಕುಂಕುಮದ ನೀರಿನ ರಕ್ತ. ನಾಯಕನನ್ನು ಬೈಕಿಗೆ ಗುದ್ದಿಸಿ ಸಾಯಿಸಿಯೇ ಬಿಟ್ಟ. ತೆಗೆದದ್ದು ಮಾತ್ರ ಭಾರಿ ಚೆಂದ. ನಾಲ್ಕನೆಯವರು ಪಾಪ, ಅದೆಲ್ಲ ಕನಸು ಅಂತ ಮಾಡಿ ನಾಯಕನನ್ನು ಎಬ್ಬಿಸಿದರು. ಐದನೆಯವರು ಮತ್ತೆ ಸಾಯಿಸಿದರು. ಆರನೆಯವರು ಹನ್ನೊಂದು ದಿನ ಫೋನೇ ಎತ್ತಲಿಲ್ಲ. ಹೆಣ ಹಿಡಿದುಕೊಂಡು ಅವರಾದರೂ ಏನು ಮಾಡಿಯಾರು?

ಹವ್ಯಾಸಿಗಳಿಗೆ ಇದೊಂದು ರೋಗ, ನನಗೂ ಇದೆ. ಕ್ಯಾಮೆರಾ ಕೈಗೆ ಬಂದರೆ ಕಥೆ ನಮ್ಮಲ್ಲೇ ಮುಗಿಯಬೇಕು ಅನ್ನಿಸುತ್ತದೆ. ಎರಡನೇ ಸುತ್ತಿಗೆ ನಾನು ಹುಡುಕಿದ್ದು ಒಳ್ಳೆ ಕಥೆಯನ್ನಲ್ಲ, ಯಾರಿಗೂ ಮುಗಿಸಲು ಬಾರದ ಒಂದು ವಸ್ತುವನ್ನು.

ಅದೇ ಬುತ್ತಿ ಗಂಟು. ಕೆಂಪು ಚೌಕಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಬುತ್ತಿ. ಅದು ಯಾರ ಕೈಯಲ್ಲಿದೆಯೋ ಆ ತುಣುಕಿಗೆ ಅವರೇ ನಾಯಕ, ನಾಯಕಿ. ಇದರಿಂದ ಒಂದು ದೊಡ್ಡ ತೊಂದರೆ ತಪ್ಪಿತು. ಏಳು ಕಡೆ ಏಳು ಜನ ನಟಿಸುವಾಗ ಮುಖ ಒಂದೇ ಇರುವುದಿಲ್ಲ, ಗಂಟು ಒಂದೇ ಇರುತ್ತದೆ. ಕೊನೆಯ ಪಾಳಿಯವರ ಹೊರತು ಯಾರೂ ಅದನ್ನು ಕ್ಯಾಮೆರಾ ಎದುರು ಬಿಚ್ಚುವಂತಿಲ್ಲ. ಜನ ಏಳು, ತಲೆಗೆ 72 ತಾಸು, ತಪ್ಪಿದರೆ ಪಾಳಿ ಮುಂದಕ್ಕೆ, ಬದಲಿಗೆ ಇಬ್ಬರು ಸಿದ್ಧ. ಕಮಲಾಪುರದ ಹುಡುಗನಿಗೆ ಏಳನೇ ಪಾಳಿ ಕೊಟ್ಟೆ. ಮುಗಿಸುವ ಚಟ ಇದ್ದವನನ್ನು ಮುಗಿಸುವ ಜಾಗದಲ್ಲೇ ಕೂರಿಸಬೇಕು.

ಅವರವರ ಮನೆಯ ಬಟ್ಟೆಯಲ್ಲೇ ಕಟ್ಟಿಕೊಳ್ಳಲಿ ಅಂತ ಮೊದಲು ಅಂದುಕೊಂಡಿದ್ದೆ. ನಾಲ್ಕು ಮನೆಯವರು ಫೋಟೊ ಕಳಿಸಿದರು, ಒಂದರ ಚೌಕಳಿ ಇನ್ನೊಂದಕ್ಕೆ ಹೊಂದಲಿಲ್ಲ. ಹಾಗಾಗಿ ಒಂದೇ ಗಂಟು ಕೈಯಿಂದ ಕೈಗೆ ಹೋಗಬೇಕಾಯಿತು, ಅಂದರೆ ರೈಲಿನಲ್ಲಿ. ಕಲಬುರಗಿಯಿಂದ ವಾಡಿ, ವಾಡಿಯಿಂದ ಸಿಕಂದರಾಬಾದ್ ಲೈನಿನಲ್ಲಿ ಚಿತ್ತಾಪುರ, ಆಮೇಲೆ ಸೇಡಂ. ನಮ್ಮ ಕಥೆಯ ಕ್ರಮ ಪ್ರತಿಭೆ ನೋಡಿ ಆದದ್ದಲ್ಲ, ರೈಲು ಹೋಗುವ ದಾರಿ ನೋಡಿ ಆದದ್ದು.

ಮೊದಲ ತುಣುಕು ನನ್ನದು. ಕಲಬುರಗಿಯ ಅಪ್ಪನ ಕೆರೆಯ ದಂಡೆ, ಬೆಳಗಿನ ಆರೂವರೆ. ಒಬ್ಬ ಮನುಷ್ಯ ಕಲ್ಲಿನ ಬೆಂಚಿನ ಮೇಲೆ ಗಂಟು ಇಟ್ಟು ಫೋನಿನಲ್ಲಿ ಮಾತಾಡುತ್ತ ಹೊರಟೇ ಹೋಗುತ್ತಾನೆ. ಕೊನೆಗೆ ಒಂದು ಕೈ ಚೌಕಟ್ಟಿನೊಳಗೆ ಬಂದು ಗಂಟಿನ ಮೇಲೆ ನಿಲ್ಲುತ್ತದೆ. ನಾನು ಒಳಗೆ ತುಂಬಿದ್ದು ಹಳೇ ಪೇಪರು. ಎರಡನೇ ಪಾಳಿಯ ಅಕ್ಕ ಅದನ್ನು ತೆಗೆದುಹಾಕಿ ಸ್ಟೀಲ್ ಡಬ್ಬಿಯಲ್ಲಿ ಖರೇ ಪುಂಡಿ ಪಲ್ಯ, ಮೇಲೆ ನಾಲ್ಕು ಖಡಕ್ ರೊಟ್ಟಿ ಇಟ್ಟು ಕಟ್ಟಿದರು. ಯಾಕ್ರೀ ಅಕ್ಕಾ ಅಂದರೆ, “ಹಗುರ ಗಂಟು ಹಿಡಿದ್ರ ಕೈ ಸುಳ್ಳ ಹೇಳ್ತದ ತಮ್ಮಾ. ಭಾರ ಇದ್ರ ಭುಜ ತಾನೇ ವಾಲ್ತದ.” ಮಾತು ನೂರಕ್ಕೆ ನೂರು ಸರಿ. ಅವರ ತುಣುಕು ನೋಡಿದ ಮೇಲೆ ನನ್ನದರಲ್ಲಿ ಆ ಮನುಷ್ಯ ಬಲೂನು ಹಿಡಿದವನ ಥರ ಕಾಣತೊಡಗಿದ.

ಆದರೆ ಅದು ಮೇ ತಿಂಗಳು. ಖಡಕ್ ರೊಟ್ಟಿಗೆ ಏನೂ ಆಗುವುದಿಲ್ಲ, ಪುಂಡಿ ಪಲ್ಯಕ್ಕೆ ಆಗುತ್ತದೆ. ಅಕ್ಕನ ಮೂರು ದಿನ, ಇಂಜಿನಿಯರಿಂಗ್ ಹುಡುಗನ ಮೂರು ದಿನ ಕಳೆದು ಗಂಟು ವಾಡಿ ಮುಟ್ಟುವಾಗ ಡಬ್ಬಿಯ ಮುಚ್ಚಳ ಸಡಿಲಾಗಿ, ಬಟ್ಟೆಯ ಒಂದು ಮೂಲೆಯಲ್ಲಿ ಅಂಗೈ ಅಗಲದ ಎಣ್ಣೆ ಅರಿಷಿಣದ ಕಲೆ. ಆ ಹುಡುಗನಿಗೆ ಇದ್ಯಾವುದೂ ಗೊತ್ತಾಗಿರಲಿಲ್ಲ. ಕಲಬುರಗಿ ಕೋಟೆಯೊಳಗಿನ ಬಾರಾ ಗಜಿ ತೋಪು ಅನ್ನುವ ಫಿರಂಗಿಯ ಪಕ್ಕದಲ್ಲೇ ತೆಗೆಯಬೇಕು ಅಂತ ಅವನಿಗೆ ಹಟ. 29 ಅಡಿ ತೋಪು ಚೌಕಟ್ಟಿನಲ್ಲಿ ಬಂದರೆ ನಿನ್ನ ಗಂಟನ್ನು ಯಾರು ನೋಡುತ್ತಾರೋ ಅಂದೆ. ಸಂರಕ್ಷಿತ ಸ್ಮಾರಕದಲ್ಲಿ ಸ್ಟ್ಯಾಂಡ್ ಹಚ್ಚಲು ಪರವಾನಗಿ ಬೇಕು ಅಂತ ತಿಳಿದ ಮೇಲೆ ತಾನೇ ಹಾಸ್ಟೆಲ್ ಮೆಟ್ಟಿಲಿಗೆ ಇಳಿದ.

ಕಾಕಾ ಗಂಟನ್ನು ಕೋಲಿಗೆ ಕಟ್ಟಿ ಹೆಗಲ ಮೇಲಿಟ್ಟುಕೊಂಡು ಓಣಿಯಲ್ಲಿ ನಡೆದರು. ಮೊಬೈಲ್ ಹಿಡಿದವನು ಮೊಮ್ಮಗ. ಹತ್ತು ಹೆಜ್ಜೆಗೆ ಒಂದು ಬೀದಿ ನಾಯಿ ಬೆನ್ನು ಹತ್ತಿತು, ಬಿಳಿ ಮೈ, ಒಂದು ಕಿವಿ ಕಂದು. ಕಾಕಾ ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಕಟ್ಟೆಯ ಮೇಲೆ ಗಂಟು ಇಟ್ಟು ಕೂತರು. ನಾಯಿ ಒಂದು ಮಾರು ದೂರದಲ್ಲಿ ಕೂತು ಗಂಟನ್ನೂ ಕಾಕಾನ ಮುಖವನ್ನೂ ಪಾಳಿಯ ಮೇಲೆ ನೋಡುತ್ತದೆ. ಹದಿನಾಲ್ಕು ಸೆಕೆಂಡು, ಎಲ್ಲೂ ಕತ್ತರಿ ಇಲ್ಲ. ಯಾರೂ ಹೇಳಿಕೊಡದ ನಟನೆ. ಕ್ಯಾಮೆರಾ ಬಂದ್ ಆದ ಮೇಲೆ ಕಾಕಾ ಪಲ್ಯ ಚೆಲ್ಲಿ, ಡಬ್ಬಿ ತಿಕ್ಕಿಸಿ, ರೊಟ್ಟಿಗಳನ್ನು ಮಾತ್ರ ಒಳಗಿಟ್ಟು ಮತ್ತೆ ಕಟ್ಟಿದರು. ಬಟ್ಟೆ ಒಗೆಯಬೇಡಿ ಅಂತ ನಾನೇ ಹೇಳಿದೆ. ಕಲೆ ಈಗಾಗಲೇ ಕಥೆಯೊಳಗೆ ಬಂದುಬಿಟ್ಟಿತ್ತು.

ಮರುದಿನ ಮಾಸ್ತರ ಫೋನು. “ಸರ, ತುಣುಕು ಬಾಳ ಚಂದ ಅದರಿ. ಆದ್ರ ಅಂಥಾ ನಾಯಿ ನಾ ಎಲ್ಲಿಂದ ತರ್ಲಿ?”

ಇದು ನನಗೆ ಹೊಳೆದೇ ಇರಲಿಲ್ಲ. ನಾಯಿಗೆ ಪಾಸು ಮಾಡಿಸಿ ರೈಲು ಹತ್ತಿಸಲಾಗುತ್ತದೆಯೇ? ಮಾಸ್ತರು ಎರಡು ದಿನ ಒದ್ದಾಡಿ ನಾಯಿಯನ್ನು ತೋರಿಸದೇ ತೋರಿಸಿದರು. ಅವರ ನಾಯಕ ಕೈಯಲ್ಲಿದ್ದ ರೊಟ್ಟಿ ಮುರಿದು ಚೌಕಟ್ಟಿನ ಕೆಳಗೆ ಹಿಡಿಯುತ್ತಾನೆ, ಕೈ ಖಾಲಿಯಾಗಿ ಮೇಲೆ ಬರುತ್ತದೆ. ಕೆಳಗೆ ಏದುಸಿರಿನ ಸಪ್ಪಳ ಮಾತ್ರ. ಅವರು ಗೆದ್ದರು ನಿಜ. ಆದರೆ ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಆಮೇಲೆ ಒಂದು ಮಾತು ಗಟ್ಟಿ ಮಾಡಿಕೊಂಡೆವು. ಕೊನೆಯ ಐದು ಸೆಕೆಂಡಿಗೆ ನಾವು ಕೊಂಡಿ ಅನ್ನುತ್ತೇವೆ. ಆ ಕೊಂಡಿಯಲ್ಲಿ ಮುಂದಿನವರ ಅಂಗಳದಲ್ಲಿ ಸಿಗುವುದನ್ನಷ್ಟೇ ಬಿಡಬೇಕು. ಬಾಗಿಲು ತಟ್ಟಿದ ಸಪ್ಪಳ, ಒಂದು ಜೊತೆ ಚಪ್ಪಲಿ, ಗೋಡೆ ಆಚೆ ಕರೆಯುವ ದನಿ, ಒಂದು ಕೈ. ಮಳೆ ಬೇಡ, ನಾಯಿ ಬೇಡ, ರೈಲು ಬೇಡ, ಅಳುವ ಕೂಸಂತೂ ಬೇಡವೇ ಬೇಡ. ಕೊಂಡಿಯಲ್ಲಿ ಕ್ಯಾಮೆರಾ ಅಲುಗಾಡಬಾರದು, ತೆರೆಯ ಮೇಲಿದ್ದವರು ಮಾತಾಡಬಾರದು. ಆ ಐದು ಸೆಕೆಂಡು ಸರಿ ಇದ್ದರೆ ಹಿಂದಿನ ಒಂದು ನಿಮಿಷ ಹೇಗೇ ಇದ್ದರೂ ಕಥೆ ಮುಂದೆ ಹೋಗುತ್ತದೆ.

ಚಿತ್ರಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಶಬ್ದ. ನಮ್ಮ ಭಾಗದ ಮನೆಗಳಲ್ಲಿ ಬೇಸಿಗೆ ಅಂದರೆ ಕೂಲರು, ನೆಲ ಅಂದರೆ ಶಹಾಬಾದ್ ಕಲ್ಲು. ಒಂದು ಮೊರೆಯುತ್ತದೆ, ಇನ್ನೊಂದು ಪ್ರತಿ ಮಾತನ್ನೂ ತಿರುಗಿ ಎಸೆಯುತ್ತದೆ. ಎರಡು ತುಣುಕು ಕೂಡಿಸಿದ ಕಡೆ ಒಂದು ಕೂಲರು ನಿಂತು ಇನ್ನೊಂದು ಶುರುವಾದ ಹಾಗೆ ಕೇಳುತ್ತಿತ್ತು, ಚಿತ್ರ ಎಷ್ಟೇ ಚೆಂದ ಕೂಡಿದ್ದರೂ. ಸೇಡಂನ ತಂಗಿ ಇದಕ್ಕೆ ದಾರಿ ತೋರಿಸಿದಳು. ಮಾತಿದ್ದಾಗಷ್ಟೇ ಕೂಲರ್ ಬಂದ್ ಮಾಡಿ, ಮೊಬೈಲಿನ ಹಿಂದೆ ಹಗ್ಗ ಕಟ್ಟಿ ಎರಡು ಕೌದಿ ಇಳಿಬಿಟ್ಟು, ನೆಲಕ್ಕೆ ಒಂದು ಕೌದಿ ಹಾಸಿ ತೆಗೆದಳು. ಬೆವರು ಹರಿದು ಕಣ್ಣಿಗೆ ಇಳಿದದ್ದು ತೆರೆಯ ಮೇಲೆ ಅಳುವಿನ ಥರ ಕಂಡಿತು, ಅದು ಬೇರೆ ಮಾತು. ಶಬ್ದ ಮಾತ್ರ ರೇಡಿಯೊದಷ್ಟು ಸ್ವಚ್ಛ. ಈಗ ಪ್ರತಿಯೊಬ್ಬರೂ ತುಣುಕಿನ ಜೊತೆ ಅದೇ ಕೋಣೆಯ ಇಪ್ಪತ್ತು ಸೆಕೆಂಡಿನ ಬರಿ ಮೌನವನ್ನೂ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅದನ್ನು ಕೊಂಡಿಯ ಕೆಳಗೆ ಹಾಸಿದರೆ ಬೆಸುಗೆ ಕೇಳಿಸುವುದಿಲ್ಲ. ಹಿನ್ನೆಲೆ ಸಂಗೀತ ಯಾರೂ ಸೇರಿಸುವಂತಿಲ್ಲ. ಕೂಡಿಸುವಾಗ ಹಾಡು ನಡುವೆ ಕತ್ತರಿಸುತ್ತದೆ, ಮೇಲಾಗಿ ಹಾಡು ಬೇರೆಯವರದು.

ಉಳಿದ ತಾಂತ್ರಿಕ ಮಾತು ಬೇಗ ಹೇಳಿಬಿಡುತ್ತೇನೆ. ಮೊಬೈಲ್ ಅಡ್ಡ ಹಿಡಿಯಬೇಕು. ಎಲ್ಲರೂ 1080ಪಿ, ಸೆಕೆಂಡಿಗೆ 30 ಫ್ರೇಮು. ವಾಟ್ಸಾಪಿನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದಂತೆ ಬರುತ್ತದೆ. ಮೊಬೈಲುಗಳು ಫ್ರೇಮಿನ ವೇಗವನ್ನು ತಮ್ಮಷ್ಟಕ್ಕೆ ತಾವೇ ಏರಿಳಿಸುವುದರಿಂದ ಎಡಿಟಿಂಗಿನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲವನ್ನೂ ಒಂದೇ ವೇಗಕ್ಕೆ ತಂದು ಆಮೇಲೆ ಕೂಡಿಸಿದೆ. ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದೂವರೆ ನಂತರ ಮಾತ್ರ ಹೊರಗೆ ಶೂಟಿಂಗ್. ನನ್ನ ಫೋನಿನ ಕೈಪಿಡಿಯಲ್ಲಿ ಬರೆದ ಮಿತಿ 35 ಡಿಗ್ರಿ. ಮೇ ತಿಂಗಳ ಕಲಬುರಗಿಗೆ ಆ ಕೈಪಿಡಿ ಬರೆದವರು ಬಂದಿಲ್ಲ.

ಇನ್ನು ನನ್ನ ತಪ್ಪು. ಎಲ್ಲ ತುಣುಕೂ ಕೈಗೆ ಬಂದ ಮೇಲೆ ನಾನು ಸುಮ್ಮನೆ ಕೂಡಿಸಿ ಕೊಡಬೇಕಿತ್ತು. ಹಾಗೆ ಮಾಡಲಿಲ್ಲ. ಮಾಸ್ತರ ತುಣುಕಿನಲ್ಲಿ ನಾಯಕ ಕೆಳಗೆ ನೋಡುತ್ತ ಸುಮ್ಮನೆ ಹನ್ನೆರಡು ಸೆಕೆಂಡು ಕಾಯುತ್ತಾನೆ. ಜನಕ್ಕೆ ಬೇಸರ ಬಂದೀತು ಅಂತ ನಾಲ್ಕಕ್ಕೆ ಇಳಿಸಿ, ಎಲ್ಲರಿಗೂ ತೋರಿಸುವ ಮುಂಚೆ ಅವರಿಗೆ ಕಳಿಸಿದೆ. ಅವರು ಸಿಟ್ಟಾಗಲಿಲ್ಲ. “ಸರ, ಅದು ನನ್ನ ಪಾಳಿ ಇತ್ತು,” ಅಂದರು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆದು ಎಂಟು ಸೆಕೆಂಡನ್ನು ವಾಪಸ್ ಹಾಕಿದೆ. ಈಗ ನಾನು ಮುಟ್ಟುವುದು ಶಬ್ದದ ಏರಿಳಿತ ಮತ್ತು ಕೊಂಡಿ ಮಾತ್ರ. ಒಬ್ಬರ ತುಣುಕು ಸಪ್ಪೆ ಇದ್ದರೆ ಸಪ್ಪೆಯಾಗಿಯೇ ಇರಲಿ.

ಜೂನ್ ಮೊದಲ ವಾರ ನಮ್ಮ ಮಾಳಿಗೆಯ ಮೇಲೆ ಬಿಳಿ ಚಾದರ ಕಟ್ಟಿ, ಬೇಡಿ ತಂದ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ನನ್ನನ್ನು ಬಿಟ್ಟು ಉಳಿದ ಆರೂ ಜನ ಪೂರ್ತಿ ಕಥೆ ನೋಡಿದ್ದು ಅವತ್ತೇ. ಬ್ಲೂಟೂತ್ ಸ್ಪೀಕರಿನಲ್ಲಿ ಮಾತು ತುಟಿಯ ಹಿಂದೆ ಬೀಳುತ್ತಿತ್ತು, ವೈರ್ ಹಚ್ಚಿದ ಮೇಲೆ ಸರಿಯಾಯಿತು. ನಾಯಿ ಬಂದಾಗ ಓಣಿಯ ಹುಡುಗರು ಶಿಳ್ಳೆ ಹೊಡೆದರು. ಮಾಸ್ತರ ಹನ್ನೆರಡು ಸೆಕೆಂಡು ಬಂದಾಗ ಮಾಳಿಗೆಯ ಮೇಲೆ ಒಬ್ಬರೂ ಕೆಮ್ಮಲಿಲ್ಲ. ನಾನು ಅವರ ಕಡೆ ನೋಡಲಿಲ್ಲ.

ಕಮಲಾಪುರದ ಹುಡುಗ ಈ ಸಲ ಗಿಂಬಲ್ ತಂದಿರಲಿಲ್ಲ. ಅವನ ತುಣುಕಿನಲ್ಲಿ ಒಬ್ಬ ಮುದುಕ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತು ಗಂಟು ಬಿಚ್ಚುತ್ತಾನೆ. ಒಳಗೇನಿದೆ ಕಾಣಿಸುವುದಿಲ್ಲ. ಕಲೆಯಾದ ಬಟ್ಟೆಯ ಮೂಲೆ ಪಕ್ಕಕ್ಕೆ ಜಾರುತ್ತದೆ, ಭುಜ ಸ್ವಲ್ಪ ಅಲುಗುತ್ತದೆ, ಆಮೇಲೆ ಖಡಕ್ ರೊಟ್ಟಿ ಮುರಿದ ಸಪ್ಪಳ, ಕಟ್ ಅಂತ. ಅಲ್ಲಿಗೆ ತೆರೆ ಕಪ್ಪು. ಅಕ್ಕ ಹಿಂದಿನಿಂದ, “ಅಯ್ಯ, ಅದು ನಂದೇ ರೊಟ್ಟಿ!” ಅಂತ ಕೂಗಿದರು.

ಮೂರನೇ ಸುತ್ತು ನಡೆದಿದೆ. ಈ ಸಲ ಬೀದರಿನ ಇಬ್ಬರು ಸೇರಿದ್ದಾರೆ. 2017ರಲ್ಲಿ ಶುರುವಾದ ಬೀದರ ಕಲಬುರಗಿ ರೈಲು ಮಾರ್ಗ ಇರುವುದರಿಂದ ಗಂಟಿನ ಪ್ರಯಾಣಕ್ಕೆ ತೊಂದರೆ ಇಲ್ಲ. ಬಟ್ಟೆ ಅದೇ, ಕಲೆಯೂ ಅದೇ, ಒಳಗೆ ಪಲ್ಯ ಮಾತ್ರ ಇಲ್ಲ. ನಿನ್ನೆ ಅವರಲ್ಲೊಬ್ಬರು ಮೆಸೇಜ್ ಹಾಕಿದ್ದರು: ಮನೆಯಲ್ಲಿ ಮದುವೆ ಅದ, ಇನ್ನ ಎರಡು ದಿನ ಕೊಡ್ರಿ ಅಣ್ಣಾ. ನಾಳೆ ಸಂಜೆ ಆರಕ್ಕೆ ನಿಮ್ಮ 72 ತಾಸು ಮುಗೀತದ, ಮದುವಿ ಮನ್ಯಾಗೇ ತೆಗೀರಿ ಅಂತ ಬರೆದೆ.